ಲೆಕ್ಕದ ಪುಸ್ತಕ ಎಲ್ಲಿದೆ?

ಸಕಲೇಶಪುರ, ಆಲೂರು ಸೀಮೆಯ ಕಾಫಿ ತೋಟದಲ್ಲಿ ಒಂದು ದಿನದ ದುಡಿಮೆ ಎರಡು ಕಡೆ ದಾಖಲಾಗುತ್ತದೆ. ರೈಟರು ಚೆಕ್‌ರೋಲಿನಲ್ಲಿ ಆಳಿನ ಹೆಸರಿನ ಮುಂದೆ ಹಾಕುವ ಗುರುತು ಒಂದು. ಕಪಾತು ಮಾಡಿದ ಗಿಡದ ಮೇಲೆ ಉಳಿಯುವ ಕತ್ತರಿಯ ಗಾಯ ಇನ್ನೊಂದು. ಚೆಕ್‌ರೋಲು ಮಳೆಯಲ್ಲಿ ನೆನೆದು ಅಕ್ಷರ ಕದಡಿಹೋದರೆ ಕೂಲಿಯ ತಕರಾರು ಏಳುತ್ತದೆ. ಗಿಡಕ್ಕೆ ಆ ತಕರಾರಿನ ಗೊಡವೆ ಇಲ್ಲ. ಕತ್ತರಿ ಬಿದ್ದದ್ದಕ್ಕೆ ತಕ್ಕಂತೆ ಅದು ಚಿಗುರುತ್ತದೆ. ಕರ್ಮವನ್ನು ಕುರಿತು ನಮ್ಮ ದರ್ಶನಕಾರರು ನಡೆಸಿದ ವಾದದ ದೊಡ್ಡ ಪಾಲು ಈ ಎರಡು ದಾಖಲೆಗಳ ನಡುವಿನದು. ಮಾಡಿದ್ದರ ಲೆಕ್ಕವನ್ನು ಹೊರಗೆ ಕುಳಿತವನೊಬ್ಬ ಬರೆದಿಡುತ್ತಾನೆಯೇ, ಇಲ್ಲ ಮಾಡಿದವನಿಗೇ ಅದು ಅಂಟಿಕೊಂಡಿರುತ್ತದೆಯೇ? ಚಿತ್ರಗುಪ್ತನ ಕಡತವನ್ನು ನಂಬಿದ ಜನರೂ ಈಶ್ವರನೇ ಫಲದಾತ ಎಂದ ವೇದಾಂತಿಗಳೂ ಒಂದು ಕಡೆ. ಅಂಥ ಲೆಕ್ಕಿಗನೇ ಬೇಡ ಎಂದ ಜೈನರು ಇನ್ನೊಂದು ಕಡೆ. ಈ ಎರಡನೆಯ ಪಕ್ಷವನ್ನು ಬಹು ಸೂಕ್ಷ್ಮವಾಗಿ ಕಟ್ಟಿದ ಗ್ರಂಥವೊಂದಕ್ಕೆ ಇದೇ ಹಾಸನ ಜಿಲ್ಲೆಯ ಶ್ರವಣಬೆಳಗೊಳದ ನಂಟಿದೆ. ಆ ಪಕ್ಷವೇ ಹೆಚ್ಚು ಗಟ್ಟಿ ಎಂಬುದು ನನ್ನ ವಾದ. ಅದಕ್ಕೆ ನಾನು ಕರೆಯುವ ಸಾಕ್ಷಿ ಶಾಸ್ತ್ರಕ್ಕಿಂತ ಹೆಚ್ಚಾಗಿ ಒಂದು ಯಂತ್ರ: ಪೇಟೆಯ ಅಂಗಡಿಗಳ ಮೂಲೆಯಲ್ಲಿ ಹಸಿರು ದೀಪ ಮಿಣುಕಿಸುತ್ತ ಕೂತ ವೈಫೈ ಡಬ್ಬಿಯೊಳಗಿನ ಫೈರ್‌ವಾಲ್.

ಫೈರ್‌ವಾಲ್ ಎಂದರೆ ಜಾಲದ ಬಾಗಿಲಲ್ಲಿ ನಿಂತ ತಡೆ. ಈ ಬೆಟ್ಟಗಳಲ್ಲಿ ತಡೆ ಎಂದರೆ ಮೊದಲು ಬರುವುದು ಆನೆಯ ಮಾತು. ಕಂದಕ, ಸೋಲಾರ್ ಬೇಲಿ, ಹಳೆಯ ರೈಲು ಕಂಬಿ ನೆಟ್ಟು ಕಟ್ಟಿದ ತಡೆ, ಇವೆಲ್ಲಕ್ಕೂ ಒಂದೇ ಗುಣ: ಎದುರಿಗೆ ಬಂದದ್ದನ್ನು ಆ ಕ್ಷಣಕ್ಕೆ ಕಂಡ ಹಾಗೆ ಎದುರಿಸುವುದು. ರಾತ್ರಿ ಗದ್ದೆಗಿಳಿದು ನಸುಕಿನಲ್ಲಿ ಮರಳುತ್ತಿರುವ ಆನೆಯೂ ಹೊಸದಾಗಿ ನುಗ್ಗುತ್ತಿರುವ ಆನೆಯೂ ತಂತಿಗೆ ಒಂದೇ. 1792ರಲ್ಲಿ ಟಿಪ್ಪು ಕಟ್ಟಿಸಿದ ಮಂಜರಾಬಾದಿನ ನಕ್ಷತ್ರಕೋಟೆಯ ಗೋಡೆಗೂ ಇದಕ್ಕಿಂತ ಹೆಚ್ಚಿನ ತಿಳಿವಳಿಕೆ ಇರಲಿಲ್ಲ; ಅದು ಇದ್ದದ್ದು ಬಾಗಿಲ ಕಾವಲುಗಾರನಿಗೆ. ಮೊದಮೊದಲ ಫೈರ್‌ವಾಲುಗಳೂ ಬೇಲಿಯ ಜಾತಿಯವೇ. ಜಾಲದಲ್ಲಿ ಮಾತು ತುಂಡುತುಂಡಾಗಿ, ಪ್ಯಾಕೆಟ್ಟುಗಳಾಗಿ ಹರಿಯುತ್ತದೆ. ಕಳಿಸಿದವರ ವಿಳಾಸ, ಸೇರಬೇಕಾದವರ ವಿಳಾಸ, ಎರಡೂ ಕಡೆಯ ಪೋರ್ಟ್ ಸಂಖ್ಯೆ, ಯಾವ ಪ್ರೋಟೊಕಾಲ್ ಎಂಬುದು, ಹೀಗೆ ಐದು ಗುರುತು ಪ್ರತಿ ಪ್ಯಾಕೆಟ್ಟಿನ ನೆತ್ತಿಯ ಮೇಲಿರುತ್ತವೆ. ಬೇಲಿಯಂಥ ಫೈರ್‌ವಾಲ್ ಅಷ್ಟನ್ನೇ ಓದಿ ಬಿಡುತ್ತಿತ್ತು ಅಥವಾ ತಡೆಯುತ್ತಿತ್ತು. ತೊಡಕು ಬಂದದ್ದು ಉತ್ತರಗಳಿಂದ. ಒಳಗಿನವರು ಹೊರಗೆ ಏನನ್ನಾದರೂ ಕೇಳಿದರೆ ಅದರ ಉತ್ತರ ಹೊರಗಿನಿಂದಲೇ ಬರಬೇಕು, ಅದೂ ಆ ಹೊತ್ತಿಗೆ ಆರಿಸಿಕೊಂಡ ಯಾವುದೋ ಪೋರ್ಟಿಗೆ. ಎಲ್ಲ ಪೋರ್ಟನ್ನೂ ತೆರೆದಿಟ್ಟರೆ ಬೇಲಿ ಇದ್ದೂ ಇಲ್ಲದಂತೆ. ಮುಚ್ಚಿದರೆ ಕೇಳಿದ ಪ್ರಶ್ನೆಗೆ ಉತ್ತರವೇ ಇಲ್ಲ. ಹಳೆಯ ರೌಟರುಗಳು ಒಂದು ಅಡ್ಡದಾರಿ ಹಿಡಿದವು: ಪ್ಯಾಕೆಟ್ಟಿನ ಮೇಲೆ ‘ಇದು ಉತ್ತರ’ ಎಂಬ ಆಕ್ ಗುರುತು ಇದ್ದರೆ ಬಿಡುವುದು. ಆ ಗುರುತನ್ನು ತಾನೇ ಬಳಿದುಕೊಂಡು ಬಂದ ಅಪರಿಚಿತನೂ ನೆಂಟನಂತೆ ಒಳಗೆ ಬಂದ.

1990ರ ದಶಕದಲ್ಲಿ ಇಸ್ರೇಲಿನ ಚೆಕ್‌ಪಾಯಿಂಟ್ ಸಂಸ್ಥೆ ಮಾರುಕಟ್ಟೆಗೆ ತಂದ, 2001ರಲ್ಲಿ ಲಿನಕ್ಸಿನ 2.4ನೇ ಆವೃತ್ತಿ ಎಲ್ಲರ ಕೈಗೂ ಕೊಟ್ಟ ಉಪಾಯ ಬೇರೆಯದು. ಇಲ್ಲಿ ಬಾಗಿಲಿಗೆ ನೆನಪು ಬಂತು. ಒಳಗಿನಿಂದ ಮೊದಲ ಪ್ಯಾಕೆಟ್, ಅಂದರೆ ‘ಮಾತಾಡೋಣವೇ’ ಎಂಬ ಸಿನ್ ಗುರುತಿನದು, ಹೊರಟಾಗ ಫೈರ್‌ವಾಲ್ ನಿಯಮಗಳನ್ನು ನೋಡಿ, ಒಪ್ಪಿಗೆಯಾದರೆ ಆ ಐದು ಗುರುತುಗಳನ್ನು ತನ್ನ ಪಟ್ಟಿಯಲ್ಲಿ ಬರೆದುಕೊಳ್ಳುತ್ತದೆ. ಹೊರಗಿನಿಂದ ಬಂದ ಪ್ಯಾಕೆಟ್ಟಿನ ಗುರುತುಗಳನ್ನು ತಿರುವಿಹಾಕಿದಾಗ ಪಟ್ಟಿಯ ಸಾಲಿಗೆ ಸರಿಹೊಂದಿದರೆ ಅದು ಉತ್ತರ; ಸಾಲಿನ ಸ್ಥಿತಿ ‘ಹೊಸದು’ ಎಂಬುದರಿಂದ ‘ಸ್ಥಾಪಿತ’ಕ್ಕೆ ಬದಲಾಗುತ್ತದೆ. ಆಮೇಲೆ ಪ್ರತಿ ಪ್ಯಾಕೆಟ್ಟಿನ ಕ್ರಮಸಂಖ್ಯೆ ನಿರೀಕ್ಷಿತ ಮಿತಿಯೊಳಗಿದೆಯೇ ಎಂದೂ ನೋಡುತ್ತದೆ. ಮುಗಿಯಿತು ಎಂಬ ಗುರುತು ಎರಡೂ ಕಡೆಯಿಂದ ಬಂದ ಮೇಲೆ ಸ್ವಲ್ಪ ಹೊತ್ತು ಕಾದು ಸಾಲನ್ನು ಅಳಿಸುತ್ತದೆ. ಬರಿಯ ಬೇಲಿಗಿಂತ ಇದು ಎಷ್ಟೋ ಪಾಲು ಮೇಲು. ಒಂದೇ ಪ್ಯಾಕೆಟ್, ಹಿಂದೆ ನಡೆದದ್ದನ್ನು ನೋಡಿ ಒಮ್ಮೆ ಸ್ವಾಗತಾರ್ಹ, ಒಮ್ಮೆ ತಿರಸ್ಕಾರಾರ್ಹ; ನ್ಯಾಯ ಎಂದು ನಾವು ಕರೆಯುವುದಕ್ಕೆ ಇದು ಬಲು ಹತ್ತಿರ. ಹಿಂದಿನದನ್ನು ನೋಡದ ತೀರ್ಪು ತೀರ್ಪಲ್ಲ ಎಂಬ ಮಟ್ಟಿಗೆ ಚಿತ್ರಗುಪ್ತನ ಪಕ್ಷದವರೊಡನೆ ನನಗೆ ಭಿನ್ನಾಭಿಪ್ರಾಯವಿಲ್ಲ.

ಆದರೆ ಆ ಪಟ್ಟಿಯಲ್ಲಿ ಇರುವುದೇನು ಎಂದು ಸ್ವಲ್ಪ ನಿಂತು ನೋಡಬೇಕು. ನಾವು ‘ಸಂಪರ್ಕ’ ಎನ್ನುವ ವಸ್ತು ತಂತಿಯ ಮೇಲೆ ಎಲ್ಲೂ ಇಲ್ಲ. ಅಲ್ಲಿ ಹರಿಯುವುದು ಬಿಡಿ ಪ್ಯಾಕೆಟ್ಟುಗಳು. ಸಂಪರ್ಕ ಇರುವುದು ಎರಡು ತುದಿಯ ಯಂತ್ರಗಳ ನೆನಪಿನಲ್ಲಿ. ಅವುಗಳ ಒಳಸ್ಥಿತಿಯೇ ಬದಲಾಗಿರುತ್ತದೆ. ನಡುವೆ ಕೂತ ಫೈರ್‌ವಾಲಿನ ಸಾಲು ಮೂರನೆಯವನು ಕದ್ದು ಕೇಳಿ ಮಾಡಿಕೊಂಡ ಊಹೆ. ಯುಡಿಪಿ ಎಂಬ ಪ್ರೋಟೊಕಾಲಿನಲ್ಲಿ ಇದು ಬಟ್ಟಬಯಲಾಗುತ್ತದೆ. ಅಲ್ಲಿ ಶುರು, ಕೊನೆ ಎಂಬ ಗುರುತುಗಳೇ ಇಲ್ಲ, ಆದರೂ ಫೈರ್‌ವಾಲ್ ‘ಸಂಪರ್ಕ ಇದೆ’ ಎಂದು ಬರೆದುಕೊಂಡು, ಲಿನಕ್ಸಿನ ಮಾಮೂಲಿ ಲೆಕ್ಕದಲ್ಲಿ ಉತ್ತರ ಬಾರದೆ 30 ಸೆಕೆಂಡ್ ಕಳೆದರೆ ‘ಇಲ್ಲ’ ಎಂದು ಅಳಿಸುತ್ತದೆ. ಶುರು, ಕೊನೆಯ ಗುರುತುಗಳಿರುವ ಟಿಸಿಪಿ ಎಂಬ ಪ್ರೋಟೊಕಾಲಿನ ಸ್ಥಾಪಿತ ಸಂಪರ್ಕಕ್ಕೆ ಅದೇ ಲಿನಕ್ಸ್ ಕೊಡುವ ಗಡುವು 4,32,000 ಸೆಕೆಂಡ್, ಅಂದರೆ ಐದು ದಿನ. ಆ ಡಬ್ಬಿಯ ಬದಲು ಇನ್ನೊಂದು ಡಬ್ಬಿ ಇಟ್ಟರೆ ಗಡುವು ಬೇರೆ. ಪಟ್ಟಿಗೆ ಒಂದು ಗಾತ್ರವಿದೆ. ತುಂಬಿದರೆ ಹೊಸ ಪ್ಯಾಕೆಟ್ಟನ್ನು ಬೀಳಿಸುತ್ತದೆ, ಬಂದವನು ಸಜ್ಜನನೋ ಅಲ್ಲವೋ ಎಂಬ ಪ್ರಶ್ನೆಯೇ ಏಳುವುದಿಲ್ಲ. ಮಳೆಗಾಲದ ಸಕಲೇಶಪುರದಲ್ಲಿ ಕರೆಂಟು ಹೋಗಿ ಬಂದರೆ ಪಟ್ಟಿಯೇ ಖಾಲಿ. ಎರಡು ತುದಿಯವರು ಇನ್ನೂ ಮಾತಿನ ನಡುವೆ ಇದ್ದೇವೆಂದೇ ತಿಳಿದಿರುತ್ತಾರೆ. ನಡುವಿನ ಲೆಕ್ಕಿಗನಿಗೆ ಮಾತ್ರ ಅವರಿಬ್ಬರೂ ಅಪರಿಚಿತರು.

ಇಂಟರ್‌ನೆಟ್ಟಿನ ಶಿಲ್ಪಿಗಳಲ್ಲೊಬ್ಬರಾದ ಡೇವಿಡ್ ಕ್ಲಾರ್ಕ್ 1988ರ ಒಂದು ಪ್ರಬಂಧದಲ್ಲಿ, ಇಡೀ ಜಾಲವನ್ನು ಯಾವ ತತ್ತ್ವದ ಮೇಲೆ ಕಟ್ಟಿದರೆಂದು ವಿವರಿಸುತ್ತ ಇದೇ ಪ್ರಶ್ನೆಯನ್ನು ಎತ್ತಿದ್ದರು: ಮಾತುಕತೆಯ ಸ್ಥಿತಿಯನ್ನು ದಾರಿಯಲ್ಲಿರುವ ಯಂತ್ರಗಳಲ್ಲಿ ಇಡಬೇಕೋ, ತುದಿಯಲ್ಲಿ ಮಾತಾಡುವವರಲ್ಲೇ ಇಡಬೇಕೋ? ಅವರು ಆರಿಸಿದ್ದು ಎರಡನೆಯದನ್ನು. ಕಾರಣ ಸರಳ: ದಾಖಲೆಯ ಹಣೆಬರಹವೂ ದಾಖಲೆಯ ಒಡೆಯನ ಹಣೆಬರಹವೂ ಒಂದೇ ಆಗಿರಬೇಕು. ಒಡೆಯನೇ ಹೋದಾಗ ದಾಖಲೆ ಹೋದರೆ ನಷ್ಟವಿಲ್ಲ. ಒಡೆಯ ಇದ್ದೂ ನಡುವಿನ ಯಾರದೋ ಕೈತಪ್ಪಿನಿಂದ ದಾಖಲೆ ಹೋಗುವಂತಿರಬಾರದು. ಫೈರ್‌ವಾಲ್ ಆಮೇಲೆ ಆ ತತ್ತ್ವಕ್ಕೆ ವಿರುದ್ಧವಾಗಿ ನಡುದಾರಿಯಲ್ಲಿ ಬಂದು ಕೂತ ಯಂತ್ರ. ಭದ್ರತೆಗೆ ಅದು ಬೇಕು, ಆದರೆ ಅದು ತರುವ ಕಾಯಿಲೆಗಳೆಲ್ಲ ಕ್ಲಾರ್ಕ್ ಎಚ್ಚರಿಸಿದ ಕಾಯಿಲೆಗಳೇ.

ಈಗ ಶ್ರವಣಬೆಳಗೊಳಕ್ಕೆ ಹೋಗೋಣ. ಬಾಹುಬಲಿಯನ್ನು ಬೆಟ್ಟದ ಮೇಲೆ ನಿಲ್ಲಿಸಿದ ಗಂಗರ ಮಂತ್ರಿ ಚಾವುಂಡರಾಯನಿಗೆ ಗೊಮ್ಮಟ ಎಂಬ ಹೆಸರೂ ಇತ್ತು. ಅವನಿಗಾಗಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿ ಹತ್ತನೆಯ ಶತಮಾನದಲ್ಲಿ ಪ್ರಾಕೃತದಲ್ಲಿ ಬರೆದದ್ದು ಗೊಮ್ಮಟಸಾರ. 1359ರಲ್ಲಿ ಕೇಶವವರ್ಣಿ ಅದಕ್ಕೆ ಕನ್ನಡದಲ್ಲಿ ವೃತ್ತಿ ಬರೆದ. ಅದರ ಎರಡನೆಯ ಭಾಗವಾದ ಕರ್ಮಕಾಂಡವನ್ನು ತೆರೆದರೆ ಭಕ್ತಿಯ ಮಾತಿಗಿಂತ ಲೆಕ್ಕವೇ ಹೆಚ್ಚು ಸಿಗುತ್ತದೆ. ಕರ್ಮ ಇಲ್ಲಿ ಯಾರೋ ಬರೆದ ಟಿಪ್ಪಣಿಯಲ್ಲ, ಜೀವಕ್ಕೆ ಅಂಟುವ ಸೂಕ್ಷ್ಮ ದ್ರವ್ಯ. ಅಂಟುವುದು ಬಂಧ, ಅಂಟಿ ಫಲ ಕೊಡದೆ ಸುಮ್ಮನೆ ಕೂತಿರುವುದು ಸತ್ತ್ವ, ಕಾಲ ಬಂದಾಗ ಎದ್ದು ಫಲ ಕೊಡುವುದು ಉದಯ. ಪ್ರತಿ ಬಂಧಕ್ಕೂ ಒಂದು ಗಡುವು ಉಂಟು, ಅದರ ಹೆಸರೇ ಸ್ಥಿತಿ. (ಯಂತ್ರದವರ ‘ಸ್ಟೇಟ್’ ಎಂಬ ಮಾತಿಗೆ ನಾವು ಸ್ಥಿತಿ ಎನ್ನುತ್ತೇವೆ, ಜೈನರ ಸ್ಥಿತಿ ಯಂತ್ರದವರ ‘ಟೈಮ್‌ಔಟ್’. ಒಂದೇ ಪದದಲ್ಲಿ ಎರಡೂ ಕೂತಿರುವುದು ಆಕಸ್ಮಿಕವೇ ಇರಬಹುದು, ಆದರೆ ಖುಷಿ ಕೊಡುವ ಆಕಸ್ಮಿಕ.) ಮೋಹನೀಯ ಕರ್ಮಕ್ಕೆ ಹೆಚ್ಚೆಂದರೆ 70 ಕೋಟಾಕೋಟಿ ಸಾಗರೋಪಮ (ಊಹೆಗೆ ನಿಲುಕದಷ್ಟು ದೀರ್ಘವಾದ ಕಾಲಮಾನ), ಜ್ಞಾನಾವರಣೀಯಕ್ಕೆ 30, ನಾಮ, ಗೋತ್ರಗಳಿಗೆ 20; ಕಡಿಮೆಯೆಂದರೆ ನಾಮ, ಗೋತ್ರಗಳಿಗೆ ಎಂಟು ಮುಹೂರ್ತ. ಗಡುವು ಹಿಗ್ಗುವುದಕ್ಕೆ ಉತ್ಕರ್ಷಣ, ಕುಗ್ಗುವುದಕ್ಕೆ ಅಪಕರ್ಷಣ, ಹೊತ್ತಿಗೆ ಮುಂಚೆ ಎಬ್ಬಿಸುವುದಕ್ಕೆ ಉದೀರಣ. ಫೈರ್‌ವಾಲ್ ಬರೆಯುವ ಎಂಜಿನಿಯರನಿಗೆ ಈ ಪಟ್ಟಿ ಅಪರಿಚಿತ ಎನ್ನಿಸಲಾರದು. ವ್ಯತ್ಯಾಸ ಒಂದೇ, ಅದೇ ಮುಖ್ಯವಾದದ್ದು: ಈ ಪಟ್ಟಿ ಬಾಗಿಲಲ್ಲಿಲ್ಲ. ಅದು ಜೀವದ ಮೇಲೇ ಇದೆ. ಕ್ಲಾರ್ಕ್ ಕೇಳಿದ್ದು ಇಲ್ಲಿ ಅಕ್ಷರಶಃ ನೆರವೇರಿದೆ. ಜೀವ ಹೋದಲ್ಲಿಗೆ ಲೆಕ್ಕ ಹೋಗುತ್ತದೆ, ಕಳೆದುಹೋಗುವುದಿಲ್ಲ, ಅದಲುಬದಲಾಗುವುದಿಲ್ಲ, ತುಂಬಿತೆಂದು ಯಾರನ್ನೂ ಹೊರದಬ್ಬುವುದಿಲ್ಲ.

ಸಂಪರ್ಕ ಇರುವುದೆಲ್ಲಿ ಎಂಬ ಪ್ರಶ್ನೆಯೂ ನಮ್ಮ ದರ್ಶನಕಾರರಿಗೆ ಹೊಸದಲ್ಲ. ಬೌದ್ಧರ ಧರ್ಮಕೀರ್ತಿ ಸಂಬಂಧಪರೀಕ್ಷೆ ಎಂಬ ಕಿರುಗ್ರಂಥದಲ್ಲಿ, ಎರಡು ವಸ್ತುಗಳ ನಡುವೆ ಸಂಬಂಧವೆಂಬ ಮೂರನೆಯದೊಂದಿಲ್ಲ, ಅದು ಬುದ್ಧಿಯ ಕಟ್ಟು ಎಂದು ವಾದಿಸಿದ. ಆ ಕಾರಿಕೆಗಳ ಬಹುಪಾಲು ಸಂಸ್ಕೃತದಲ್ಲಿ ಉಳಿದದ್ದು ಅವನ್ನು ಖಂಡಿಸಲೆಂದು ಎತ್ತಿಕೊಂಡ ಜೈನ ಪ್ರಭಾಚಂದ್ರನ ದಯೆಯಿಂದ. ಪ್ರಭಾಚಂದ್ರನ ಉತ್ತರದ ಸಾರ ನನಗೆ ಇಲ್ಲಿ ಬೇಕು: ನಡುವೆ ಮೂರನೆಯ ವಸ್ತು ಇಲ್ಲದಿರಬಹುದು, ಆದರೆ ಸೇರಿದ ಎರಡೂ ಮೊದಲಿನಂತೆ ಉಳಿಯುವುದಿಲ್ಲ, ಆ ಮಾರ್ಪಾಟೇ ಸಂಬಂಧ. ತಂತಿಯ ಮೇಲೆ ಸಂಪರ್ಕವಿಲ್ಲ, ತುದಿಗಳ ಮಾರ್ಪಾಟಿನಲ್ಲಿ ಇದೆ ಎಂದು ಮೇಲೆ ಕಂಡದ್ದೂ ಇದನ್ನೇ.

ಇದಕ್ಕೆ ವೇದಾಂತಿ ಸುಮ್ಮನಿರಲಾರ. ನಿನ್ನ ಡಬ್ಬಿಯ ಕಾಯಿಲೆಗಳನ್ನು ಈಶ್ವರನ ಮೇಲೆ ಹೊರಿಸುವುದು ಯಾವ ನ್ಯಾಯ, ಅವನಿಗೆ ಕರೆಂಟು ಹೋಗುತ್ತದೆಯೇ, ಅವನ ಪಟ್ಟಿ ತುಂಬುತ್ತದೆಯೇ ಎಂದು ಕೇಳುತ್ತಾನೆ. ಸರಿಯಾದ ಪ್ರಶ್ನೆಯೇ. ಶಂಕರರು ಬ್ರಹ್ಮಸೂತ್ರದ ಮೂರನೆಯ ಅಧ್ಯಾಯದ ಭಾಷ್ಯದಲ್ಲಿ ಹೇಳುವುದು ಇನ್ನೂ ಬಿಗಿಯಾಗಿದೆ: ಕರ್ಮ ಜಡ, ಕ್ಷಣದಲ್ಲಿ ಅಳಿಯುವಂಥದು, ಯಾವಾಗಲೋ ಯಾರಿಗೋ ತಕ್ಕ ಫಲ ಕೊಡಲು ಅದಕ್ಕೆ ತಿಳಿವಳಿಕೆ ಎಲ್ಲಿಂದ ಬರಬೇಕು? ಚೇತನನೊಬ್ಬ ಬೇಕೇ ಬೇಕು. ಆದರೆ ಅದೇ ಶಂಕರರು ಎರಡನೆಯ ಅಧ್ಯಾಯದಲ್ಲಿ, ಈಶ್ವರ ಪಕ್ಷಪಾತಿ ಎಂಬ ಆರೋಪ ಎದುರಾದಾಗ ಏನು ಹೇಳುತ್ತಾರೆ ನೋಡಬೇಕು. ಈಶ್ವರ ಮಳೆಯ ಹಾಗೆ. ಭತ್ತ ಭತ್ತವಾಗಿ, ಜವೆ ಜವೆಯಾಗಿ ಮೊಳೆಯುವುದಕ್ಕೆ ಆಯಾ ಬೀಜದೊಳಗಿನ ಶಕ್ತಿ ಕಾರಣ, ಮಳೆ ಎಲ್ಲಕ್ಕೂ ಸಮಾನ. ಹೂಮಳೆಗೆ ಕಾದು ಕೂರುವ ಕಾಫಿ ಬೆಳೆಗಾರನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಾರ್ಚಿನ ಮಳೆ ತೋಟಕ್ಕೆಲ್ಲ ಒಂದೇ ಸಮ ಬೀಳುತ್ತದೆ. ಮೊಗ್ಗು ಕಟ್ಟಿದ ರೆಕ್ಕೆಯಲ್ಲಿ, ಎಂದರೆ ಗಿಡದ ಅಡ್ಡಕೊಂಬೆಯಲ್ಲಿ, ಹೂವು ಅರಳುತ್ತದೆ, ಕಟ್ಟದ ರೆಕ್ಕೆಯಲ್ಲಿ ಇಲ್ಲ. ಹಾಗಾದರೆ ಭೇದದ ದಾಖಲೆ ಇದ್ದದ್ದು ರೆಕ್ಕೆಯಲ್ಲಿ, ಮೋಡದಲ್ಲಲ್ಲ. ಪಕ್ಷಪಾತದ ಆರೋಪದಿಂದ ಈಶ್ವರನನ್ನು ಪಾರುಮಾಡಲು ಶಂಕರರು ಲೆಕ್ಕವನ್ನು ಅವನ ಕೈಯಿಂದ ತೆಗೆದು ಬೀಜದಲ್ಲಿ ಇಟ್ಟಿದ್ದಾರೆ. ಜೈನನು ಕೇಳಿದ್ದು ಇಷ್ಟೇ. ಮಳೆ ಬೇಕೋ ಬೇಡವೋ ಎಂಬುದು ಬೇರೆಯ ಜಗಳ. ಇನ್ನು ಎಂದೂ ಮರೆಯದ, ಎಲ್ಲವನ್ನೂ ಕಾಣುವ ಲೆಕ್ಕಿಗನಿಗೆ ಪುಸ್ತಕವಾದರೂ ಏಕೆ? ಪುಸ್ತಕ ಬೇಕಾಗುವುದು ಮರೆಯುವವನಿಗೆ.

ಇನ್ನೊಂದು ಆಕ್ಷೇಪ ಎಂಜಿನಿಯರುಗಳ ಕಡೆಯದು. ಲೆಕ್ಕವನ್ನು ಮಾಡಿದವನ ಕೈಗೇ ಕೊಟ್ಟರೆ ಅವನು ತಿದ್ದುವುದಿಲ್ಲವೇ, ಆಕ್ ಗುರುತು ಬಳಿದುಕೊಂಡು ಬಂದವನ ಕತೆ ಏನಾಯಿತು ಎಂದು ಅವರು ಕೇಳುತ್ತಾರೆ. ಇದಕ್ಕೆ ಅವರದೇ ಇತಿಹಾಸದಲ್ಲಿ ಅರ್ಧ ಉತ್ತರವಿದೆ. 1996ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಪ್ಯಾನಿಕ್ಸ್ ಎಂಬ ಇಂಟರ್‌ನೆಟ್ ಸಂಸ್ಥೆಯ ಮೇಲೆ ಸುಳ್ಳು ವಿಳಾಸದ ಸಿನ್ ಪ್ಯಾಕೆಟ್ಟುಗಳ ಪ್ರವಾಹ ಬಂತು. ಬಾರದ ನೆಂಟರಿಗೆ ಎಲೆ ಹಾಕಿಟ್ಟಂತೆ, ಅರ್ಧಕ್ಕೆ ನಿಂತ ಸಂಪರ್ಕಗಳಿಂದಲೇ ಸರ್ವರುಗಳ ಪಟ್ಟಿ ತುಂಬಿ ನಿಜವಾದ ಗ್ರಾಹಕರಿಗೆ ಜಾಗವಿಲ್ಲವಾಯಿತು. ಅದೇ ತಿಂಗಳು ಡೇನಿಯಲ್ ಬರ್ನ್‌ಸ್ಟೀನ್ ಸೂಚಿಸಿದ ಪರಿಹಾರ ಸಿನ್ ಕುಕಿ: ಸರ್ವರ್ ಏನನ್ನೂ ಬರೆದುಕೊಳ್ಳುವುದಿಲ್ಲ; ವಿಳಾಸ, ಪೋರ್ಟು, ಹೊತ್ತು, ತನ್ನೊಂದು ಗುಟ್ಟು ಇವನ್ನು ಕಲಸಿ ಒಂದು ಸಂಖ್ಯೆ ಮಾಡಿ ಬಂದವನ ಕೈಗೇ ಕೊಟ್ಟು ಕಳಿಸುತ್ತದೆ. ಅವನು ಅದನ್ನು ಮರಳಿ ತಂದರೆ ಲೆಕ್ಕ ಹಾಕಿ ನೋಡಿ ಒಪ್ಪುತ್ತದೆ. ದಾಖಲೆ ಬಂದವನ ಬಳಿಯೇ ಇದ್ದರೂ ಅವನು ಅದನ್ನು ತಿದ್ದಲಾರ. ಆದರೆ ಗುಟ್ಟು ಸರ್ವರಿನ ಬಳಿ ಇರುವುದರಿಂದ ಇಲ್ಲಿ ಲೆಕ್ಕಿಗ ಪೂರ್ತಿ ಹೋಗಿಲ್ಲ, ಚಿಕ್ಕವನಾಗಿದ್ದಾನೆ ಅಷ್ಟೆ. ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆಯಬಾರದು. ಜೈನರ ಕರ್ಮಕ್ಕೆ ಈ ಗುಟ್ಟೂ ಬೇಡ, ಏಕೆಂದರೆ ಅದನ್ನು ಯಾರಿಗೂ ತೋರಿಸಬೇಕಿಲ್ಲ. ಕಳ್ಳು ಕುಡಿದವನು ಕುಡಿದಿಲ್ಲವೆಂದು ಯಾರ ಮುಂದೆ ವಾದಿಸಿದರೂ ಕಾಲು ತೊಡರುವುದು ನಿಲ್ಲುವುದಿಲ್ಲ. ಸುಳ್ಳು ಹೇಳಬಹುದಾದದ್ದು ಹೇಳಿಕೆಯಲ್ಲಿ, ಕರ್ಮ ಹೇಳಿಕೆಯಲ್ಲ.

ಎಲ್ಲಕ್ಕಿಂತ ಭಾರವಾದ ಆಕ್ಷೇಪ ದಯೆಯದು. ಪುಸ್ತಕ ಇನ್ನೊಬ್ಬನ ಕೈಯಲ್ಲಿದ್ದರೆ ಅವನ ಕಾಲು ಹಿಡಿದು ಅಳಿಸಿಸಿಕೊಳ್ಳಬಹುದು. ಭಕ್ತಿಯ ಮಾರ್ಗವೆಲ್ಲ ಈ ಭರವಸೆಯ ಮೇಲೆ ನಿಂತಿದೆ. ಮೈಗೇ ಅಂಟಿದ ಲೆಕ್ಕವನ್ನು ಅಳಿಸುವವರು ಯಾರು? ಈ ಮಾತಿನ ತೂಕವನ್ನು ಇಳಿಸಿ ತೋರಿಸಲು ನನಗೆ ಮನಸ್ಸಿಲ್ಲ. ಆದರೂ ಪಟ್ಟಿಯಿಂದ ಒಂದು ಸಾಲನ್ನು ಅಳಿಸಿದಾಗ ನಿಜವಾಗಿ ಆಗುವುದೇನು ಎಂದು ನೋಡಿದರೆ, ತುದಿಗಳಲ್ಲಿ ಏನೂ ಆಗಿರುವುದಿಲ್ಲ. ಅವು ಮತ್ತೆ ಮತ್ತೆ ಅದೇ ಪ್ಯಾಕೆಟ್ ಕಳಿಸುತ್ತಲೇ ಇರುತ್ತವೆ, ಸುಸ್ತಾಗಿ ತಾವೇ ಬಿಡುವ ತನಕ. ಅಳಿಸಿದ್ದು ಕಡತ, ಬಿಡುಗಡೆ ಅಲ್ಲ. ಇದರ ಮಗ್ಗುಲಿನ ಸಂಗತಿಯೊಂದು ವೇದಾಂತಿಗೂ ಗೊತ್ತು. ಫೈರ್‌ವಾಲಿನ ನಿಯಮವನ್ನು ಬದಲಿಸಿದರೂ ಆಗಲೇ ಸ್ಥಾಪಿತವಾದ ಸಂಪರ್ಕಗಳು ಸಾಮಾನ್ಯವಾಗಿ ಹಳೆಯ ಒಪ್ಪಿಗೆಯ ಮೇಲೇ ಹರಿಯುತ್ತಿರುತ್ತವೆ. ಹೊಸ ನಿಯಮ ತಟ್ಟುವುದು ಹೊಸದಾಗಿ ಬಂದವಕ್ಕೆ. ಜ್ಞಾನ ಬಂದ ಮೇಲೂ ಪ್ರಾರಬ್ಧ ಮುಗಿಯುವ ತನಕ ದೇಹ ನಡೆಯುತ್ತದೆ, ಕುಂಬಾರ ಕೈಬಿಟ್ಟ ಮೇಲೂ ಚಕ್ರ ತಿರುಗುವ ಹಾಗೆ, ಎಂದು ಶಂಕರರು ಒಪ್ಪಿದ್ದು ಇದೇ ತರ್ಕವನ್ನು. ಬಾಗಿಲಿನಲ್ಲಿ ಏನೇ ಬದಲಾದರೂ ಓಡುತ್ತಿರುವುದು ಓಡುತ್ತದೆ. ಜೈನರಲ್ಲಿ ಬಾಗಿಲು ಇಲ್ಲವೆಂದಲ್ಲ. ಒಳಹರಿವಾದ ಆಸ್ರವವನ್ನು ತಡೆಯುವ ಸಂವರ ನಿಜಕ್ಕೂ ಬಾಗಿಲೇ. ಮನಸ್ಸು, ಮಾತು, ಮೈಗಳ ಮೇಲೆ ತಾನೇ ಇಟ್ಟುಕೊಂಡ ಕಾವಲು. ಹಳೆಯದಕ್ಕೆ ಮಾತ್ರ ಸಂವರ ಸಾಲದು, ನಿರ್ಜರೆ ಬೇಕು. ಅಂಟಿದ್ದನ್ನು ತಪಸ್ಸಿನಿಂದ ಕಾಯಿಸಿ ಉದುರಿಸಬೇಕು, ಗಡುವು ಕುಗ್ಗಿಸಬೇಕು. ದಯೆಗೆ ಇಲ್ಲಿಯೂ ಕೆಲಸವುಂಟು, ಅದು ನಡೆಯುವ ಜಾಗ ಅಂಟಿರುವ ಜಾಗವೇ.

ಲೆಕ್ಕಿಗನ ಪಕ್ಷದಲ್ಲಿ ನನಗೆ ಕಾಣುವ ಕೊನೆಯ ಬಿರುಕು ಶುರುವಿನದು. ನಡುವೆ ಕೂತವನ ಪುಸ್ತಕಕ್ಕೆ ಒಂದು ಮೊದಲ ಸಾಲು ಇರಲೇಬೇಕು. ಕರೆಂಟು ಹೋಗಿ ಬಂದ ಲಿನಕ್ಸ್ ಫೈರ್‌ವಾಲ್ ನಡುಮಾತಿನ ಪ್ಯಾಕೆಟ್ಟೊಂದನ್ನು ಕಂಡಾಗ, ಬೇರೆ ಏರ್ಪಾಟು ಮಾಡದಿದ್ದರೆ, ಸಂಪರ್ಕ ಈಗಷ್ಟೇ ತನ್ನ ಕಣ್ಣಿಗೆ ಬಿದ್ದ ಕಡೆಯಿಂದ ಲೆಕ್ಕ ಹಿಡಿಯುತ್ತದೆ. ಯಾರು ಮೊದಲು ಮಾತಾಡಿಸಿದರು ಎಂಬುದರ ಮೇಲೆ ಇಡೀ ತೀರ್ಪು ನಿಂತಿರುವ ಯಂತ್ರದಲ್ಲಿ, ಮೊದಲಿಗರು ಯಾರೆಂಬುದು ಹೀಗೆ ಕಾವಲುಗಾರನ ನಿದ್ದೆ ಕಳೆದ ಹೊತ್ತಿನ ಮೇಲೆ ನಿಲ್ಲುತ್ತದೆ. ಜೀವಕ್ಕೂ ಕರ್ಮಕ್ಕೂ ನಂಟು ಅನಾದಿ ಎಂದಾಗ ಜೈನರು ಪ್ರಶ್ನೆಯಿಂದ ನುಣುಚಿಕೊಂಡರೆಂದು ಟೀಕಿಸುವವರಿದ್ದಾರೆ. ನನಗೆ ತೋರುವಂತೆ ಅದು ಮೊದಲ ಸಾಲನ್ನು ತಮಗೆ ಬೇಕಾದ ಕಡೆ ಬರೆದುಕೊಳ್ಳುವ ಸೌಕರ್ಯವನ್ನು ಬಿಟ್ಟುಕೊಡುವ ಪ್ರಾಮಾಣಿಕತೆ.

ಆ ಸೌಕರ್ಯ ಎಷ್ಟು ದೊಡ್ಡದೆಂದು ಈ ಸೀಮೆಯ ಆನೆ ಪಟ್ಟಿಯೇ ಹೇಳುತ್ತದೆ. ಬೆಳೆ ತುಳಿದ ದಿನದಿಂದ ಲೆಕ್ಕ ಹಿಡಿದರೆ ಆನೆ ನುಗ್ಗಿ ಬಂದದ್ದು. 1979ರಲ್ಲಿ ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಮುಗಿದು ನೀರು ನಿಂತಲ್ಲಿಂದ ಹಿಡಿದರೆ ಬೇರೆ ಉತ್ತರ. ಕ್ರಾಫರ್ಡನಂಥ ಬ್ರಿಟಿಷ್ ತೋಟಗಾರರು ಹತ್ತೊಂಬತ್ತನೆಯ ಶತಮಾನದಲ್ಲಿ ಮಂಜರಾಬಾದಿನ ಕಾಡಿನಡಿ ಕಾಫಿ ನೆಟ್ಟಲ್ಲಿಂದ ಹಿಡಿದರೆ ಇನ್ನೂ ಬೇರೆ. ಆನೆ ತುಳಿದು ಸತ್ತ ಕೂಲಿಯವರ ಮನೆಯವರಿಗೆ ಈ ತಾರೀಖುಗಳಿಂದ ಏನೂ ಆಗಬೇಕಿಲ್ಲ. ಅವರ ಕೋಪಕ್ಕೆ ನ್ಯಾಯವಿದೆ. 2012ರಲ್ಲಿ ಕರ್ನಾಟಕ ಆನೆ ಕಾರ್ಯಪಡೆ ಆನೆ ಉಳಿಯಬೇಕಾದ, ಜನರ ಜೊತೆ ಬಾಳಬೇಕಾದ, ತೆಗೆಯಬೇಕಾದ ವಲಯಗಳೆಂದು ಗೆರೆ ಎಳೆಯಿತು. ಆಲೂರಿನ ಕಡೆಯಿಂದ ಆನೆಗಳನ್ನು ಹಿಡಿದು ಸಾಗಿಸಿದರು. ಖಾಲಿಯಾದ ಜಾಗಕ್ಕೆ ಬೇರೆ ಆನೆಗಳು ಬಂದವು. 2023ರ ಡಿಸೆಂಬರ್ 4ರಂದು ಯಸಳೂರು ವಲಯದ ಇಂಥದೇ ಕಾರ್ಯಾಚರಣೆಯಲ್ಲಿ ದಸರೆಯ ಅಂಬಾರಿ ಹೊತ್ತಿದ್ದ ಸಾಕಾನೆ ಅರ್ಜುನ ಕಾಡಾನೆಯ ಎದುರು ಬಿದ್ದು ಸತ್ತ. ಈಗ ಹಿಂಡಿನ ಹೆಣ್ಣಾನೆಯ ಕೊರಳಿಗೆ ರೇಡಿಯೊ ಕಾಲರ್ ಹಾಕಿ, ಅದು ಯಾವ ತೋಟದಲ್ಲಿದೆ ಎಂದು ಜನರ ಮೊಬೈಲಿಗೆ ತಿಳಿಸುತ್ತಾರೆ. ಬೇಲಿಗಿಂತ ಇದು ಎಷ್ಟೋ ಲೇಸು; ಕನಿಷ್ಠ ಒಂದು ಆನೆಗೂ ಇನ್ನೊಂದಕ್ಕೂ ವ್ಯತ್ಯಾಸ ತಿಳಿಯುತ್ತದೆ. ಸಂದೇಶದಲ್ಲಿ ಜಾಗವೂ ಹೊತ್ತೂ ಇರುತ್ತವೆ. ಹಾದಿ ಶುರುವಾದ ಊರು ಅದರಲ್ಲಿ ಇರುವುದಿಲ್ಲ. ಅದು ಆ ಹೆಣ್ಣಾನೆಯ ಕಾಲುಗಳಲ್ಲಿದೆ, ಹಿಂದೆ ಬರುವ ಮರಿ ಈಗಷ್ಟೇ ಅದನ್ನು ಕಲಿಯುತ್ತಿದೆ.